ಹೆಸರಿಲ್ಲದ ತುಣುಕುಗಳು

ಅವ್ವನಿಗೆ ಬೇಕಾಗಿದ್ದದ್ದು ನೀರು. ಬಾಯಿ ತೆರೆದಳು, ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನೊಳಗೆ ಡಿಸ್ಕ್ ಕರಕರ ಸದ್ದು ಮಾಡುತ್ತ ಏನನ್ನೋ ಹುಡುಕಿತು. ಆಮೇಲೆ ಅವಳು ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ, “ಪ್ರಯಾಣಿಕರ ಗಮನಕ್ಕೆ. ಸೊಲ್ಲಾಪುರಕ್ಕೆ ಹೋಗುವ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ” ಎಂದಳು. ಹೇಳಿ ಮುಗಿಸಿದ ಮೇಲೆ ತನ್ನ ಮಾತಿಗೆ ತಾನೇ ಬೆದರಿದಳು. ಬೆರಳುಗಳನ್ನು ದುಂಡಗೆ ಮಾಡಿ ಲೋಟದ ಆಕಾರ ತೋರಿಸಿದಳು.

ನಾನು ನೀರು ತಂದುಕೊಟ್ಟು, ಏನೂ ಮಾತಾಡದೆ ನನ್ನ ಕೋಣೆಗೆ ಹೋದೆ. ನಮ್ಮ ಮನೆಯಲ್ಲಿ ಮಾತಾಡುವವಳು ಯಾವಾಗಲೂ ಅವ್ವನೇ. ನಿಲ್ದಾಣಗಳಿಗೆ ಯಂತ್ರದ ದನಿ ಬರುವ ಮೊದಲು, ಗದಗ ಜಂಕ್ಷನ್ನಿನಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವುದನ್ನು ಹೋಗುವುದನ್ನು ಸಾರುತ್ತಿದ್ದವಳು ಅವಳು. ಸಂತೆಯಲ್ಲಿ ಬದನೆಕಾಯಿಯ ರೇಟು ಕೇಳಿದರೂ ಜನ ತಿರುಗಿ ನೋಡುತ್ತಿದ್ದರು. ಅಂಥವಳ ಮಗಳಾಗಿ ನಾನು ಹುಟ್ಟಿದ್ದೆ. ಬಾಗಿಲ ಮರೆಯಿಂದ “ಅವ್ವಾ” ಎಂದರೆ, “ದನಿ ಎತ್ತು ನೀಲಾ. ಕಡೀ ಬೋಗಿಯಾಗ ಕುಂತವರಿಗೂ ಕೇಳಬೇಕು” ಎನ್ನುತ್ತಿದ್ದಳು. ನಾನು ದನಿ ಎತ್ತಲಿಲ್ಲ. ಮಾತಾಡುವ ಅಕ್ಕನೊಬ್ಬಳಿದ್ದಳು, ನನಗೆ ಬರೆದುಕೊಳ್ಳಲು ದಿನಚರಿಯಿತ್ತು, ಸಾಕಾಗಿತ್ತು.

ಅಪ್ಪ ತೀರಿಕೊಂಡ ಮಾರನೆಯ ವರ್ಷ ಅವ್ವನ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ನೆನಪುಗಳು ಉಳಿದವು, ಅವನ್ನು ಹುಡುಕಿ ತರುವ ಭಾಗ ಸಾಯತೊಡಗಿತು. ಅದು ಪೂರ್ತಿ ಸಾಯುವುದರೊಳಗೆ ಹುಬ್ಬಳ್ಳಿಯ ಮರುನೆನಪು ಕೇಂದ್ರದವರು ಅವಳ ನೆನಪುಗಳನ್ನೆಲ್ಲ ಒಂದು ಡಿಸ್ಕಿಗೆ ಇಳಿಸಿಕೊಂಡರು. ಕಿವಿಯ ಹಿಂದೆ ಚರ್ಮದ ಕೆಳಗೆ ಹುಣಸೆಬೀಜದಷ್ಟು ಸಾಧನ ಕೂರಿಸಿ, ಅಲ್ಲಿಂದ ಮಿದುಳಿಗೆ ಎಳೆ ಹಾಯಿಸಿದರು. ಮಿದುಳು ಕೇಳುತ್ತದೆ, ಮನೆಯ ಕಂಪ್ಯೂಟರು ಡಿಸ್ಕಿನಿಂದ ತೆಗೆದು ಕೊಡುತ್ತದೆ. ಹೊಸ ನೆನಪುಗಳೂ ಅಲ್ಲಿಗೇ ಹೋಗಿ ಸೇರುತ್ತವೆ. ಮೊದಮೊದಲು ಇದಕ್ಕೆ ಮೆಮೊರಿ ಚಿಪ್‌ಗಳನ್ನು ಬಳಸುತ್ತಿದ್ದರಂತೆ. ಮನುಷ್ಯರ ತಲೆ ಕ್ಷಣಕ್ಷಣಕ್ಕೂ ಬರೆಯುತ್ತಲೇ ಇರುವುದರಿಂದ ಅವು ವರ್ಷ ತುಂಬುವುದರೊಳಗೆ ಸವೆದವು. ಹಾಗಾಗಿ ಮೂಲೆ ಸೇರಿದ್ದ ಹಳೆಯ ಕಾಲದ ತಿರುಗುವ ತಟ್ಟೆಗಳು ಮತ್ತೆ ಮನೆಮನೆಗೆ ಬಂದವು. ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡಿ ಓದುತ್ತದೆ, ಬರೆಯುತ್ತದೆ.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಅವ್ವನ ಮಾತಿನ ನಡುವೆ ತಡವರಿಕೆ ಶುರುವಾಯಿತು. ಆಮೇಲೆ ಗಾಡಿಗಳು ಬಂದವು.

ಗಾಡಿಗಳನ್ನು ಸಹಿಸಿಕೊಳ್ಳಬಹುದಿತ್ತು. ಒಂದು ಮುಂಜಾನೆ ನಾನು ಸ್ನಾನ ಮುಗಿಸಿ ಬಂದಾಗ ಅಡುಗೆಮನೆಯ ತುಂಬ ಗ್ಯಾಸಿನ ವಾಸನೆ. ಅವ್ವ ಒಲೆಯ ಮುಂದೆ ನಿಂತಿದ್ದಳು. ಗುಂಡಿ ತಿರುಗಿಸಿಯಾಗಿತ್ತು, ಕೈಯಲ್ಲಿ ಲೈಟರ್ ಇತ್ತು. ಮುಂದೇನು ಮಾಡಬೇಕೆಂಬುದು ಡಿಸ್ಕಿನಿಂದ ಇನ್ನೂ ಬಂದಿರಲಿಲ್ಲ. ಪಡಸಾಲೆಯಲ್ಲಿ ಮುಳ್ಳು ಕರಕರ ಎನ್ನುತ್ತ ಹುಡುಕುತ್ತಲೇ ಇತ್ತು. ನಾನು ಗುಂಡಿ ಬಂದ್ ಮಾಡಿ, ಕಿಟಕಿ ತೆಗೆದು, ಲೈಟರನ್ನು ಅವಳ ಬೆರಳುಗಳಿಂದ ಬಿಡಿಸಿಕೊಂಡೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಅವಳಿಗೆ ಲೈಟರ್ ಒತ್ತುವುದು ನೆನಪಾಗುತ್ತಿತ್ತು.

ಬೆಳಗಾವಿಯಲ್ಲಿದ್ದ ತೇಜಕ್ಕನಿಗೆ ಫೋನ್ ಮಾಡಿದೆ. “ಇವತ್ತs ಹುಬ್ಬಳ್ಳಿಗೆ ಹೋಗು,” ಎಂದಳು ಅಕ್ಕ. “ಅವರಿಗೆ ನೀನs ಹೇಳಬೇಕು ನೋಡು. ಅಲ್ಲಿ ಹೋಗಿ ಗ್ವಾಡಿ ನೋಡಿಕೋತ ಕೂಡಬ್ಯಾಡ.”

ಪಕ್ಕದ ಮನೆಯ ಪಾರೂ ಮೌಶಿಯನ್ನು ಅವ್ವನ ಹತ್ತಿರ ಕೂರಿಸಿ ನಾನು ಹೋದೆ.

ಕೇಂದ್ರದ ಉಸ್ತುವಾರಿ ಕೋಣೆಯಲ್ಲಿ ಗೋಡೆಯುದ್ದಕ್ಕೂ ತೆರೆಗಳು. ಒಂದೊಂದರಲ್ಲಿ ಒಬ್ಬೊಬ್ಬರ ಡಿಸ್ಕಿನ ನಕ್ಷೆ, ಸಣ್ಣಸಣ್ಣ ಬಣ್ಣದ ಚೌಕಗಳು. ಅವ್ವನ ಶಸ್ತ್ರಚಿಕಿತ್ಸೆಯ ಕಾಲದಿಂದ ಪರಿಚಯವಿದ್ದ ಎಂಜಿನಿಯರ್ ನದಾಫ್ ಸರ್ ಅವ್ವನ ನಕ್ಷೆಯನ್ನು ತೆರೆದರು. ಕೌದಿಯನ್ನು ಹರಿದು, ಚಿಂದಿಗಳನ್ನು ಕಲೆಸಿ ಚೆಲ್ಲಿದ ಹಾಗಿತ್ತು.

“ರೇಲ್ವೆದವರ ಮನಿ ಮಗಳು ನೀವು, ನಿಮಗ ಹೇಳೂದು ಸಸಾರ,” ಎಂದರು ಅವರು. “ಹೊಸ ನೆನಪು ಬಂದಾಗ ಎಲ್ಲಿ ಜಾಗ ಸಿಗತೇತಿ ಅಲ್ಲಿ ಕೂಡತೇತಿ. ಪೂರ್ತಿ ಹಿಡೀಲಿಲ್ಲ ಅಂದ್ರ ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದs ಗಾಡಿ ಬೋಗಿ ಬ್ಯಾರೆ ಬ್ಯಾರೆ ಹಳಿ ಮ್ಯಾಲ ನಿಂತಾವ. ಇಂಜಿನ್ ಓಡ್ಯಾಡಿ ಕೂಡಿಸಿ ತರೂದ್ರಾಗ ಹೊತ್ತು ಹೋಗತೇತಿ. ಒಮ್ಮೊಮ್ಮಿ ಬಾಜೂ ಗಾಡಿ ಬೋಗಿನೂ ಎಳ್ಕೊಂಡು ಬರತೇತಿ.”

“ನೀರು ಕೇಳಿದ್ರ ಸೊಲ್ಲಾಪುರ ಗಾಡಿ ಬರತೇತ್ರಿ,” ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರು ಮುಂದೆ ಬಾಗಿದರು. ಮತ್ತೊಮ್ಮೆ ಹೇಳಿದೆ.

“ಅದs. ಡಿಫ್ರ್ಯಾಗ್ ಮಾಡಬೇಕು. ಒಂದೊಂದು ನೆನಪಿನ ತುಣುಕುಗಳನ್ನೆಲ್ಲ ತಂದು ಒಂದs ಕಡೆ ಸಾಲಾಗಿ ಜೋಡಸೂದು. ಆದ್ರ ಶಂಟಿಂಗ್ ಮಾಡಾಕ, ಬೋಗಿ ಅತ್ತಿತ್ತ ಸರಸಾಕ, ಒಂದು ಖಾಲಿ ಹಳಿ ಬೇಕಲ್ರಿ? ನಿಮ್ಮ ತಾಯಿ ಡಿಸ್ಕ್ ತುಂಬೇತಿ.”

“ದೊಡ್ಡ ಡಿಸ್ಕ್ ಹಾಕಿದ್ರ?”

“ಒಳಗಿನ ಸಾಧನಕ್ಕ ಈ ತಟ್ಟಿ ವಿಳಾಸ ಅಷ್ಟs ಗೊತ್ತು. ಬದಲಿ ಮಾಡಬೇಕಂದ್ರ ತಲಿ ಮತ್ತೊಮ್ಮಿ ಆಪರೇಶನ್ ಮಾಡಬೇಕು. ಅವರ ಬೀಪಿಗೆ ಅದು ಆಗೂದಿಲ್ಲ.” ಅವರು ನಕ್ಷೆಯ ಮೇಲೆ ಬೆರಳಾಡಿಸಿದರು. “ಇವು ನೋಡ್ರಿ, ಬೂದು ಬಣ್ಣದವು. ಇವಕ್ಕ ಹೆಸರಿಲ್ಲ. ಯಾವ ಗಾಡೀಗೂ ಸೇರದ ಬೋಗಿ. ಇವನ್ನ ಅಳಿಸಿದ್ರ ಜಾಗ ಆಗತೇತಿ. ಎಲ್ಲಾರ ಡಿಸ್ಕಿನ್ಯಾಗೂ ನಾವು ಹಂಗs ಮಾಡತೀವಿ. ಗಾಳಿ ಸಪ್ಪಳ, ದಾರ್ಯಾಗ ಹೋಗವರ ಮಾತು, ಇಂಥಾವು ಇರತಾವ.”

ನನಗೆ ಕೇಳಬೇಕೆನಿಸಿದ್ದನ್ನು ಕೊನೆಗೂ ಕೇಳಿದೆ. “ಹೆಸರು ಇದ್ದಾವು ತೋರಸ್ತೀರೇನ್ರಿ?”

ಅವರು ಹುಡುಕಿಸಿದರು. ಅಪ್ಪನ ಹೆಸರು ಹಾಕಿದರೆ ನಕ್ಷೆಯ ತುಂಬ ನೀಲಿ ಚೌಕಗಳು ಎದ್ದವು. ತೇಜಕ್ಕನ ಹೆಸರಿಗೆ ಅದಕ್ಕಿಂತ ಹೆಚ್ಚು. ಅವಳ ಜಗಳ, ಹಟ, ಮದುವೆ, ಮುನಿಸು, ನಗೆ. ಪಾರೂ ಮೌಶಿಗೂ ಒಂದು ಒಳ್ಳೆಯ ಪಟ್ಟಿಯೇ ಇತ್ತು. ಆಮೇಲೆ ನನ್ನ ಹೆಸರು. ಅಲ್ಲೊಂದು ಚೌಕ, ಇಲ್ಲೊಂದು. ಹುಟ್ಟಿದ್ದು, ಒಮ್ಮೆ ಜ್ವರ ಬಂದದ್ದು, ಶಾಲೆಯ ಗ್ಯಾದರಿಂಗಿನಲ್ಲಿ ಅಳುತ್ತ ಸ್ಟೇಜಿನಿಂದ ಇಳಿದದ್ದು. ಮುಗಿಯಿತು.

“ಕಡಿಮಿ ಮಾತಾಡ್ತೀರೇನ್ರಿ ಮನ್ಯಾಗ?” ಎಂದರು ನದಾಫ್ ಸರ್, ಮೆಲ್ಲಗೆ. ಬೂದು ಚೌಕವೊಂದರ ಮೇಲೆ ಒತ್ತಿದರು. ಸ್ಪೀಕರಿನಲ್ಲಿ ಚಪ್ಪಲಿಯ ಸಪ್ಪಳ ಕೇಳಿಸಿತು, ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ಹೆಜ್ಜೆ. ಇನ್ನೊಂದನ್ನು ಒತ್ತಿದರು. ಮುಚ್ಚಿದ ಬಾಗಿಲಾಚೆ ಯಾರೋ ಪೆನ್ನಿನ ತುದಿಯಿಂದ ಮೇಜನ್ನು ಕುಟ್ಟುತ್ತಿದ್ದರು. ಮತ್ತೊಂದರಲ್ಲಿ, ಸಪ್ಪಳವಾಗಬಾರದೆಂದು ಬೆರಳು ಅಡ್ಡ ಹಿಡಿದು ಡಬ್ಬಿಯ ಮುಚ್ಚಳ ತೆಗೆಯುವ ಸದ್ದು.

“ಅವು ನಾನs ರೀ,” ಎಂದೆ.

ಅವರು ನಕ್ಷೆಯಿಂದ ಬೆರಳು ತೆಗೆದರು. “ಬ್ಯಾರೆ ಕಡೆ ತಗದಿಟ್ಟರೂ, ತಿರುಗಿ ಎಲ್ಲಿ ಕೂಡಿಸಬೇಕಂತ ಗೊತ್ತಾಗೂದಿಲ್ಲ, ಹೆಸರಿಲ್ಲಲ್ಲ. ಒಂದು ದಾರಿ ಐತಿ. ಡಿಫ್ರ್ಯಾಗಿಗೆ ಮದಲ ಹೆಸರು ಅಂಟಿಸಬೇಕು. ನೀವು ಏನಾರೆ ಮಾಡಿದಾಗ ಅದಕ್ಕ ಸಂಬಂಧಪಟ್ಟ ತುಣುಕು ಎಚ್ಚರಾಗತೇತಿ, ನಕ್ಷೆದಾಗ ಮಿನಗತೇತಿ. ಮಿನುಗೂವಾಗs ನಿಮ್ಮ ಹೆಸರು ಅವರ ಕಿವೀಗೆ ಬೀಳಬೇಕು. ಯಾವುದರ ಜೋಡಿ ಹೆಸರು ಕೇಳಿಸ್ತು, ಅದಕ್ಕಷ್ಟs ಅಂಟತೇತಿ. ಬರೂ ವಾರ ನಾನs ಮನೀಗೆ ಬರತೀನಿ. ಅಲ್ಲೀತನಕ ಟೈಮ್ ಐತಿ ನಿಮಗ.” ನಕ್ಷೆ ನನ್ನ ಮೊಬೈಲಿನಲ್ಲಿ ಕಾಣುವಂತೆ ಮಾಡಿಕೊಟ್ಟರು.

ವಾಪಸು ಬರುವಾಗ ಗಾಡಿಯಲ್ಲಿ ಅಕ್ಕನ ಫೋನ್. ಅವ್ವ ನನ್ನನ್ನು ಮರೆತರೇನು ಮಾಡುವುದೆಂದು ಕೇಳಿದೆ. “ನಿನ್ನನ್ನ ಹೆಂಗ ಮರೀತಾಳ, ಹುಚ್ಚಿ? ದಿನಾ ಆಕೀ ಕಣ್ಣ ಮುಂದ ಇರಾಕಿ ನೀನು. ಮರತರ ನನ್ನ ಮರೀಬೇಕು.” ನಾನು ಅವಳಿಗೆ ಚೌಕಗಳ ಮಾತು ಹೇಳಲಿಲ್ಲ.

ಮೊದಲ ದಿನ ದಿನಚರಿಯನ್ನು ತೆಗೆದುಕೊಂಡೆ. ಅವ್ವನ ಎದುರು ಕೂತು ಓದಲು ಧೈರ್ಯವಾಗದೆ, ನನ್ನ ಕೋಣೆಯ ಬಾಗಿಲ ಹಿಂದೆ ನಿಂತು ಓದಿದೆ. ಮೊಬೈಲಿನಲ್ಲಿ ಒಂದು ಚೌಕವೂ ಮಿನುಗಲಿಲ್ಲ. ಯಾಕೆ ಮಿನುಗಬೇಕು? ಅದರಲ್ಲಿದ್ದದ್ದೆಲ್ಲ ಬಾಗಿಲು ಹಾಕಿಕೊಂಡು ಬರೆದದ್ದು. ಅವ್ವ ಮಂಚದ ಮೇಲಿಂದ ಬಾಗಿಲನ್ನು ನೋಡುತ್ತ, ಬಹಳ ಹೊತ್ತಿನ ಮೇಲೆ, “ಗಾಡಿ... ತಡವಾಗಿ... ಚಲಿಸುತ್ತಿದೆ” ಎಂದಳು.

ಸೋತು ಚಹ ಮಾಡಲು ಹೋದೆ. ಡಬ್ಬಿಯ ಮುಚ್ಚಳ ತೆಗೆದೆ, ಬೆರಳು ಅಡ್ಡ ಹಿಡಿದೇ. ಕಟ್ಟೆಯ ಮೇಲಿಟ್ಟಿದ್ದ ಮೊಬೈಲಿನಲ್ಲಿ ಬೂದು ಚೌಕವೊಂದು ಮಿಣುಕ್ಕೆಂದಿತು. ಮುಚ್ಚಳ ಹಾಕಿ ಮತ್ತೆ ತೆಗೆದೆ. ಮತ್ತೆ ಮಿನುಗಿತು. ಈಗ ಹೇಳಬೇಕಿತ್ತು. ಸ್ವಂತ ಹೆಸರು, ಸ್ವಂತ ಮನೆಯಲ್ಲಿ, ಸ್ವಂತ ಅವ್ವನಿಗೆ. ಒಲೆಯ ಕಡೆ ಮುಖ ಮಾಡಿಕೊಂಡು, ಗೋಡೆಗೆ ಹೇಳುವವಳಂತೆ, “ಅವ್ವಾ, ನಾನು ನೀಲಾ, ಚಾಪುಡಿ ತಗ್ಯಾಕತ್ತೀನಿ” ಎಂದು ಕೂಗಿದೆ.

ಬೂದು ಚೌಕ ನೀಲಿಯಾಯಿತು.

ಅಂದಿನಿಂದ ನಮ್ಮ ಮನೆ ಸದ್ದಿನ ಮನೆಯಾಯಿತು. ಅವ್ವ ಪಡಸಾಲೆಯ ಮಂಚದ ಮೇಲೆ, ನಾನು ಒಳಗೆ. ಊಟ ತಂದಿಡುವಾಗ ಮಾತ್ರ, ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು, ಎಂದಿನಂತೆ ತಲೆ ತಗ್ಗಿಸಿ ಹೋಗಿ ಬರುತ್ತಿದ್ದೆ. ಚಪ್ಪಲಿ ಎಳೆದು ನಡೆದೆ, “ಅವ್ವಾ, ನಾನು ನೀಲಾ, ನಡ್ಯಾಕತ್ತೀನಿ.” ಮೇಜು ಕುಟ್ಟಿದೆ, “ಅವ್ವಾ, ನೀಲಾ ಬರ್ಯಾಕತ್ತಾಳ.” ಬಚ್ಚಲಿನ ಕೊಡ, ಹಿತ್ತಲ ಬಾಗಿಲಿನ ಚಿಲಕ, ಸೀನು ತಡೆಯಲು ಹೋಗಿ ಬರುವ ಅರ್ಧ ಸೀನು. ಒಂದೊಂದಕ್ಕೂ ಒಂದೊಂದು ಚೌಕ ಎಚ್ಚರವಾಗುತ್ತಿತ್ತು. ಇಷ್ಟೊಂದನ್ನು ಅವ್ವ ಯಾವಾಗ ಕೇಳಿಸಿಕೊಂಡಳು? ಯಾರಿಗೂ ಕೇಳಿಸಬಾರದೆಂದು ನಾನು ಇಷ್ಟು ವರ್ಷ ಮಾಡಿದ್ದ ಸದ್ದುಗಳವು. ಅವಳು ಒಂದನ್ನೂ ಬಿಟ್ಟಿರಲಿಲ್ಲ.

ಪಾರೂ ಮೌಶಿ ಕಂಪೌಂಡಿನ ಮೇಲಿಂದ ಇಣುಕಿದಳು. “ಏನವಾ ನೀಲಾ, ಅವ್ವನ ನೌಕರಿ ನಿನಗ ಕೊಟ್ಟಾರೇನು? ಮುಂಜಾನಿಂದ ಒಂದs ಗಾಡಿ ಸಾರಾಕತ್ತೀಯಲ್ಲ.”

“ಭಾಳ ಲೇಟಾದ ಗಾಡಿ ಐತಿ ಮೌಶಿ.”

ಮೌಶಿ ಕಣ್ಣರಳಿಸಿದಳು. “ಅಯ್ಯ, ಇದಕ್ಕ ಮಾತೂ ಬರತಾವಲ್ಲ.”

ಅವ್ವನೂ ಒಂದು ಸಲ ಉತ್ತರ ಕೊಟ್ಟಳು. ಡಿಸ್ಕ್ ಕರಕರ ಎಂದು, ನಿಂತು, ಮತ್ತೆ ಕರಕರ ಎಂದ ಮೇಲೆ ಪಡಸಾಲೆಯಿಂದ ದನಿ ಬಂತು. “ದನಿ... ಎತ್ತು.” ನಾನು ಒಲೆಯ ಮುಂದೆ ನಿಂತೇ ಅತ್ತೆ.

ಆ ವಾರದಲ್ಲೇ ಅವಳ ತಡವರಿಕೆ ಹೆಚ್ಚಾಗುತ್ತ ಹೋಯಿತು. ತುತ್ತು ಬಾಯಿಗೆ ಹೋಗುವ ದಾರಿಯಲ್ಲಿ ನಿಲ್ಲುತ್ತಿತ್ತು. ಡಿಫ್ರ್ಯಾಗಿನ ದಿನವನ್ನು ನಾನು ಮುಂದೆ ಹಾಕುವಂತಿರಲಿಲ್ಲ. ನಕ್ಷೆಯ ಹೆಚ್ಚಿನ ಬೂದು ಅಳಿಸುವಂಥದ್ದೇ, ಬೀದಿಯ ಹಾರ್ನು, ಯಾರದೋ ಟೀವಿ. ಆದರೆ ನನ್ನ ಜ್ವರದ ನೀಲಿ ಚೌಕಕ್ಕೆ ಅಂಟಿಕೊಂಡಂತೆ ಒಂದು ಮೂಲೆಯಲ್ಲಿ ಒಂದಿಷ್ಟು ಬೂದು ಉಳಿದಿತ್ತು. ನಾನು ಯಾವ ಸದ್ದು ಮಾಡಿದರೂ ಅದು ಮಿನುಗಲಿಲ್ಲ. ಪಾತ್ರೆ ಬಡಿದೆ, ಕೆಮ್ಮಿದೆ, ಕಿಟಕಿ ತೆಗೆದು ಹಾಕಿದೆ. ಅದು ಮಲಗಿಯೇ ಇತ್ತು.

ನದಾಫ್ ಸರ್ ಬಂದು ನಕ್ಷೆ ನೋಡಿ ತಲೆದೂಗಿದರು. “ಭಾಳ ಕೆಲಸ ಮಾಡೀರಿ. ಈ ಮೂಲಿ ಒಂದು ಉಳದೇತಲ್ಲ?”

“ಅದು ಏನ ಮಾಡಿದ್ರೂ ಏಳವಲ್ತರಿ.”

“ಹಂಗಾರ ಹೊರಗಿಂದು ಯಾವುದರೆ ಇರಬೇಕು. ಅಳಸ್ಲೇನ್ರಿ?”

ಅವ್ವ ಮಂಚದ ಮೇಲೆ ಕೂತು ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಿದ್ದಳು. ನಾನು ತಲೆಯಾಡಿಸಿದೆ.

ಅವಳಿಗೆ ಮಂಪರಿನ ಮಾತ್ರೆ ಕೊಟ್ಟು ಮಲಗಿಸಿ, ಸಾಧನ ನಿಲ್ಲಿಸಿದರು. ಡಿಸ್ಕಿನ ಸದ್ದು ಬದಲಾಯಿತು. ಹುಡುಕುವ ಕರಕರ ಹೋಗಿ, ಮರಕ್ಕೆ ಗರಗಸ ಹಾಕಿದಂಥ ಒಂದೇ ಸಮದ ಸದ್ದು. ತೆರೆಯ ಮೇಲೆ ಬೂದು ಅಳಿಯಿತು, ಬಿಳಿ ಜಾಗ ತೆರೆದುಕೊಂಡಿತು. ಚೌಕಗಳು ಒಂದೊಂದಾಗಿ ಎದ್ದು ಹೋಗಿ ತಮ್ಮವರ ಪಕ್ಕ ಕೂರತೊಡಗಿದವು. ಮಧ್ಯದಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೀ ಎಂದು ಕೂಗಿತು. ಒಂದು ತುಣುಕನ್ನು ಎತ್ತಿಕೊಂಡು ಇನ್ನೂ ಇಳಿಸದಿರುವಾಗ ಎಲ್ಲ ನಿಂತರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ನದಾಫ್ ಸರ್ ಹೇಳಲೂ ಇಲ್ಲ, ಬ್ಯಾಟರಿಯ ದೀಪವನ್ನೇ ನೋಡುತ್ತ ಕೂತರು. ಅವ್ವನ ಮುಖದಲ್ಲಿ ಏನೂ ಇರಲಿಲ್ಲ. ಅಂಗಡಿಯ ಬಾಗಿಲು ಹಾಕಿದ ಹಾಗಿತ್ತು. ಕರೆಂಟು ಬಂದಾಗ ನನ್ನ ಅಂಗೈಯಲ್ಲಿ ಉಗುರಿನ ಗುರುತುಗಳಿದ್ದವು.

ಹಗಲು ಬಾಡುವ ಹೊತ್ತಿಗೆ ಮುಗಿಯಿತು. ಸಾಧನ ಚಾಲೂ ಮಾಡಿದರು. ಅವ್ವ ಕಣ್ಣು ಬಿಟ್ಟು ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ನದಾಫ್ ಸರ್ರು ಯಾವಾಗ ಬಂದ್ರಿ? ಬೀಗರು ಬಂದಂಗ ಹೇಳದ ಕೇಳದ ಬಂದೀರಲ್ಲ,” ಎಂದಳು. ನಡುವೆ ಒಂದು ತಡೆಯೂ ಇಲ್ಲ. ಡಿಸ್ಕ್ ಒಮ್ಮೆ ಟಿಕ್ ಎಂದು ಸುಮ್ಮನಾಗಿತ್ತು. ನನ್ನ ಮೊಬೈಲಿನಲ್ಲಿ ಕಾಯುತ್ತಿದ್ದ ತೇಜಕ್ಕನ ಮುಖ ತೋರಿಸಿದಾಗ, “ತೇಜೂ, ಮತ್ತ ಕೂದಲಾ ಕತ್ತರಿಸೀ? ಕುರಿ ಬೋಳಿಸಿದಂಗ ಕಾಣತೇತಿ,” ಎಂದು ಬೈದಳು. ಅಕ್ಕ ಆಚೆಯಿಂದ ನಗುತ್ತ ಅಳುತ್ತ ಏನೇನೋ ಹೇಳಿ ಫೋನ್ ಇಟ್ಟಳು.

ಆಮೇಲೆ ಅವ್ವ ಮೊಬೈಲ್ ಹಿಡಿದಿದ್ದ ಕೈಯಿಂದ ಮೇಲಕ್ಕೆ, ನನ್ನ ಮುಖದವರೆಗೆ ನೋಡಿದಳು. ಅತಿಥಿಗಳ ಎದುರು ನಗುವ ನಗೆ ನಕ್ಕಳು.

“ಈಕಿ ನಿಮ್ಮ ಆಫೀಸಿನಾಕಿ ಏನ್ರಿ ಸರ್? ನಿಂತs ಅದಾರ ಪಾಪ. ಕೂಡ್ರಿ ಅವಾ. ನಮ್ಮ ನೀಲಾ ಒಳಗದಾಳ. ಚಾ ತರತಾಳ.”

ನದಾಫ್ ಸರ್ ನನ್ನ ಕಡೆ ನೋಡಲಿಲ್ಲ. ನಾನು ಒಳಗೆ ಹೋದೆ, ಬೇರೆಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಚಪ್ಪಲಿ ಎಳೆದ ಸದ್ದು ಕೇಳುತ್ತಲೇ ಹಿಂದಿನಿಂದ ಅವ್ವನ ದನಿ ಬಂತು. “ನೀಲಾ, ಇಬ್ಬರು ಬಂದಾರ ನೋಡು. ಹಸಿಶುಂಠಿ ಹಾಕು.” ಅವಳ ಬಾಯಲ್ಲಿ ನನ್ನ ಹೆಸರು ಇಷ್ಟು ಬೇಗ ಯಾವತ್ತೂ ಬಂದಿರಲಿಲ್ಲ.

ನದಾಫ್ ಸರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಎದುರಿಗೆ ನಿಂತು ಹೆಸರು ಹೇಳಿದ್ದಿಲ್ಲೇನ್ರಿ ತಂಗೀ?”

“ಇಲ್ರಿ. ಎಲ್ಲಾ ಇಲ್ಲಿಂದs ಹೇಳಿದೆ.”

ಆ ಮೂಲೆಯ ಬೂದು ಯಾವ ಸದ್ದಿಗೂ ಏಳದಿದ್ದದ್ದು ಅದಕ್ಕೆ. ಅದು ಸದ್ದಾಗಿರಲಿಲ್ಲ. ಅವ್ವ ನನ್ನ ಮುಖ ನೋಡಿದ ಕೆಲವು ಸಲಗಳ ನೆನಪಾಗಿತ್ತು. ನಾನು ಅವಳ ಎದುರು ಮುಖ ಎತ್ತಿ ನಿಂತು ಹೆಸರು ಹೇಳಿದ್ದರೆ ಸಾಕಿತ್ತು, ಅದು ಎದ್ದು ನೀಲಿಯಾಗುತ್ತಿತ್ತು.

“ಅವು ಹೋದವು,” ಎಂದರು ನದಾಫ್ ಸರ್. “ನಾನೂ ಕೇಳಬೇಕಾಗಿತ್ತು. ಆದ್ರ ಈಗ ಖಾಲಿ ಜಾಗ ಭಾಳ ಐತಿ. ಹೊಸದಾಗಿ ಬರ್ಯಾಕ ಬರತೇತಿ.” ಹೊರಡಲು ತಿರುಗಿದವರು, “ಬರಸೂದು ಮಾತ್ರ ನಿಮ್ಮ ಕಡೆ,” ಎಂದು, ಸಾಮಾನು ತುಂಬಿಕೊಳ್ಳುವ ನೆಪ ಮಾಡಿ ಹೊರಗೆ ತಮ್ಮ ಕಾರಿನ ಹತ್ತಿರ ಹೋದರು.

ಶುಂಠಿ ಜಜ್ಜಿ ಹಾಕಿದೆ. ಚಹ ಉಕ್ಕಿತು, ಇಳಿಸಿದೆ. ಒಳಗೇ ಉಳಿದರೆ ನಾನು ಅವಳ ಮಗಳಾಗಿಯೇ ಇರಬಹುದಿತ್ತು. ಇಲ್ಲಿಂದ ಮಾತಾಡಿದರೆ ಅಲ್ಲಿಂದ ಉತ್ತರ ಬರುತ್ತದೆ, ತಡೆಯಿಲ್ಲದೆ, ಬಾಯಿ ತುಂಬ. ನನ್ನಂಥವಳಿಗೆ ಹೊಂದುವ ಬಾಳ್ವೆ ಅದು. ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡೆ. ಎತ್ತುವಾಗ ಅವು ಒಂದಕ್ಕೊಂದು ತಾಗಿ ಸದ್ದಾಯಿತು.

ಪಡಸಾಲೆಗೆ ಹೋಗಿ ಅವಳ ಎದುರು ನಿಂತೆ. ಅವಳು ಮತ್ತೆ ಅದೇ ನಗೆ ನಕ್ಕಳು.

“ಅವ್ವಾ, ನಾನು ನೀಲಾ.”

“ಏನಂದ್ರಿ?”

“ನಾನು ನೀಲಾ ಅವ್ವಾ.”

“ಚಲೋ ಆತು ಬಿಡ್ರಿ. ನಮ್ಮ ಮಗಳ ಹೆಸರೂ ಅದs. ನಿಮ್ಮ ಕೈಯಾಗ ಚಾ ಕೊಟ್ಟು ಕಳಿಸ್ಯಾಳೇನು? ಮಂದೀ ಮುಂದ ಬರಾಕ ನಾಚತಾಳ ಆಕಿ.” ಅಡುಗೆಮನೆಯ ಕಡೆ ಕತ್ತು ತಿರುಗಿಸಿ, ಕಡೆಯ ಬೋಗಿಗೂ ಕೇಳುವಂತೆ ಕರೆದಳು. “ನೀಲಾ.”

ಒಳಗೆ ಯಾರೂ ಇರಲಿಲ್ಲ. ಅವಳು ಕಿವಿಗೊಟ್ಟು ಕಾದಳು. ಅವಳ ಹುಬ್ಬು ಗಂಟಿಕ್ಕುವುದನ್ನು ನೋಡಿದೆ.

“ಓ ಅವ್ವಾ,” ಎಂದೆ. ದಿನವೂ ಒಳಗಿನಿಂದ ಓಗೊಡುವ ಹಾಗೆಯೇ. ಬಾಗಿದ್ದ ತಲೆಯನ್ನು ಮಾತ್ರ ಎತ್ತಿದ್ದೆ.

ಅವ್ವ ಬೆಚ್ಚಿ ಈಚೆ ತಿರುಗಿದಳು. ನನ್ನನ್ನು ನೋಡಿದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. “ಒಳಗಿದ್ದಾಕಿ...” ಎಂದಳು.

“ಒಳಗಿಂದs ಬಂದೀನಿ ಅವ್ವಾ.”

ನಿಂತಲ್ಲೇ ಎಡಗಾಲಿನ ಚಪ್ಪಲಿಯನ್ನು ನೆಲದ ಮೇಲೆ ಎಳೆದೆ. ತಟ್ಟೆಯಲ್ಲಿ ಲೋಟಗಳು ತಾಗಿದವು. ಮೂಲೆಯಲ್ಲಿ ಡಿಸ್ಕ್ ಕರ್ ಎಂದಿತು, ಬರೆಯುವ ಸದ್ದೋ ಹುಡುಕುವ ಸದ್ದೋ ನನಗೆ ತಿಳಿಯಲಿಲ್ಲ. ಅವ್ವ ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ, ಹೊಸ ಊರಿನ ಬೋರ್ಡು ಓದುವವಳಂತೆ ಓದಿದಳು. ನಾನು ಕಣ್ಣು ತಗ್ಗಿಸಲಿಲ್ಲ.

ಅವಳು ಕಾಲು ಮಡಚಿಕೊಂಡು ಮಂಚದ ಮೇಲೆ ನನಗಷ್ಟು ಜಾಗ ಮಾಡಿದಳು.

“ಕೂಡು,” ಎಂದಳು. “ಮತ್ತೊಮ್ಮಿ ಹೇಳು. ದನಿ ಎತ್ತಿ.”

ನಾನು ಕೂತು, ಮತ್ತೊಮ್ಮೆ ಹೇಳಿದೆ.